ಚಿಕ್ಕಜಾಜೂರು ಜಂಕ್ಷನ್, ಜೋಗಿಮಟ್ಟಿ, ಯುಗಾದಿ: ಒಂದು ಧಾತುವಿನ ಜಾಡು ಹಿಡಿಯುವ ಬಗೆ

ಚಿತ್ರದುರ್ಗ ಜಿಲ್ಲೆಯ ಚಿಕ್ಕಜಾಜೂರು ಜಂಕ್ಷನ್, ದುರ್ಗದ ಪಕ್ಕದ ಜೋಗಿಮಟ್ಟಿ, ಬೇವು ಬೆಲ್ಲದ ಯುಗಾದಿ, ಗ್ರಾಮ ಪಂಚಾಯಿತಿಯ ಉದ್ಯೋಗ ಖಾತರಿ ಯೋಜನೆ. ಈ ಹೆಸರುಗಳಲ್ಲಿರುವ ಜಂಕ್ಷನ್, ಜೋಗಿ, ಯುಗ, ಉದ್ಯೋಗ, ಯೋಜನೆ ಎಂಬ ಐದು ಪದಗಳೂ ಒಂದೇ ಧಾತುವಿನಿಂದ ಹೊರಟವು. ಆದರೆ ಎತ್ತಿನ ಹೆಗಲ ಮೇಲಿನ ನೊಗ, ಸದ್ದಿನಲ್ಲೂ ಅರ್ಥದಲ್ಲೂ ಆ ಧಾತುವಿಗೆ ಎಲ್ಲಕ್ಕಿಂತ ಹತ್ತಿರವಿರುವಂತೆ ಕಂಡರೂ, ಅದನ್ನು ಈ ಪಟ್ಟಿಗೆ ಸುಲಭವಾಗಿ ಸೇರಿಸುವಂತಿಲ್ಲ. ಹೀಗೇಕೆ ಎಂದು ನಿಮಗೆ ನೀವೇ ವಿವರಿಸಿಕೊಳ್ಳುವಷ್ಟು ಪಳಗಿದರೆ ಯಾವ ಧಾತುವಿನ ಜಾಡನ್ನಾದರೂ ಹಿಡಿಯಬಹುದು.

ಇದಕ್ಕೆ ಭಾಷಾವಿಜ್ಞಾನದ ಪದವಿ ಬೇಕಿಲ್ಲ. ಪ್ರೌಢಶಾಲೆಯಲ್ಲಿ ತತ್ಸಮ, ತದ್ಭವಗಳನ್ನು ಓದಿದ ನೆನಪು, ಒಂದು ನೋಟ್‌ಪುಸ್ತಕ, ಅಂತರ್ಜಾಲ ಇರುವ ಮೊಬೈಲ್, ಇಷ್ಟು ಸಾಕು. ಉಳಿದದ್ದು ತಾಳ್ಮೆ. ಈ ಕೆಲಸದಲ್ಲಿ ಥಟ್ಟನೆ ಸಿಗುವ ಉತ್ತರವನ್ನು ನಾನು ಎಂದೂ ನಂಬುವುದಿಲ್ಲ.

ಮೊದಲು, ಪದ ಯಾವ ಬಾಗಿಲಿನಿಂದ ಬಂತು?

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಈಗ ಉಳಿದಿಲ್ಲದ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಆ ಮೂಲವನ್ನು ಈಗ ಮೂಲ ಇಂಡೋ-ಯುರೋಪಿಯನ್ ಎನ್ನುತ್ತೇವೆ. ದಕ್ಷಿಣದ ಭಾಷೆಗಳು ಬೇರೆಯೇ ಕುಟುಂಬ ಎಂದು ಫ್ರಾನ್ಸಿಸ್ ಎಲ್ಲಿಸ್ 1816ರಲ್ಲಿ ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ಸ್ಥಾಪಿಸಿದರು. ಅಂದಮೇಲೆ ಕನ್ನಡದಲ್ಲಿ ಸಿಗುವ ಯಾವುದೇ ಇಂಡೋ-ಯುರೋಪಿಯನ್ ಧಾತು ಇಲ್ಲಿ ಹುಟ್ಟಿದ್ದಲ್ಲ, ಎಲ್ಲಿಂದಲೋ ಬಂದದ್ದು. ಸಂಸ್ಕೃತದಿಂದ ನೇರವಾಗಿ ತತ್ಸಮವಾಗಿ ಬಂದಿರಬಹುದು, ಪ್ರಾಕೃತದ ಮೂಲಕ ತದ್ಭವವಾಗಿ ಬಂದಿರಬಹುದು, ಮರಾಠಿ, ಹಿಂದಿ, ಉರ್ದುಗಳ ದಾರಿಯಲ್ಲಿ ಬಂದಿರಬಹುದು, ಇಂಗ್ಲಿಷಿನಿಂದ ಬಂದಿರಬಹುದು.

ಆದ್ದರಿಂದ ಪದವೊಂದನ್ನು ಆರಿಸಿಕೊಂಡ ಕೂಡಲೇ ಅದರ ಪಕ್ಕದಲ್ಲಿ ಬಾಗಿಲನ್ನು ಬರೆಯಿರಿ. ಯೋಜನೆ, ಉದ್ಯೋಗ, ಆಯುಕ್ತ ತತ್ಸಮಗಳ ಸಾಲಿನವು. ಜೋಗಿ ತದ್ಭವ. ಜುಗಲಬಂದಿ ಹಿಂದಿಯಿಂದ, ಜಂಕ್ಷನ್ ಇಂಗ್ಲಿಷಿನಿಂದ. ಅನುಮಾನ ಬಂದರೆ ಕಿಟೆಲ್ ಅವರ 1894ರ ನಿಘಂಟನ್ನು ತೆರೆಯಿರಿ. ಅದರಲ್ಲಿ ತದ್ಭವಗಳಿಗೆ ಪ್ರತ್ಯೇಕ ಗುರುತು ಹಾಕಿ, ಪಕ್ಕದಲ್ಲೇ ಸಂಸ್ಕೃತ ರೂಪವನ್ನು ಕೊಟ್ಟಿದೆ. ಬಾಗಿಲು ಗೊತ್ತಾಗದೆ ಮುಂದಕ್ಕೆ ಹೋದರೆ ಆಮೇಲೆ ಮಾಡುವುದೆಲ್ಲ ಊಹೆಯೇ ಆಗುತ್ತದೆ.

ಸಂಸ್ಕೃತದ ಕುಟುಂಬವನ್ನು ಒಂದೆಡೆ ಕೂಡಿಸಿ

ಈಗ ಸಂಸ್ಕೃತದಲ್ಲಿ ಆ ಧಾತುವಿನ ರೂಪಗಳನ್ನು ಬರೆದುಕೊಳ್ಳಿ. ನಮ್ಮದು ಯುಜ್, ಕೂಡಿಸು, ಹೂಡು ಎಂಬ ಅರ್ಥದ್ದು. ಯುಗಮ್ ಎಂದರೆ ಎತ್ತು, ಕುದುರೆಗಳಿಗೆ ಹೂಡುವ ನೊಗ; ಜೋಡಿ ಎಂಬ ಅರ್ಥವೂ ಅದಕ್ಕೆ ಬಂತು, ಕಾಲಘಟ್ಟ ಎಂಬ ಅರ್ಥವೂ ಬಂತು. ಯೋಗ ಎಂದರೆ ಕೂಡುವಿಕೆ. ಯುಕ್ತ ಎಂದರೆ ಕೂಡಿದ್ದು. ಯುನಕ್ತಿ ಎಂದರೆ ಹೂಡುತ್ತಾನೆ. ಯೋಜನ ಎಂಬ ದೂರದ ಅಳತೆಯೂ ಇಲ್ಲಿಯದೇ: ಒಮ್ಮೆ ಹೂಡಿದರೆ ಬಿಚ್ಚದೆ ಸಾಗುವಷ್ಟು ದಾರಿ.

ಈ ರೂಪಗಳನ್ನು ಒಂದರ ಕೆಳಗೊಂದು ಬರೆದು ನಿಧಾನವಾಗಿ ನೋಡಿ. ಒಂದೇ ಧಾತುವಿನ ಕೊನೆಯ ವ್ಯಂಜನ ಯುಗದಲ್ಲಿ ಗ, ಯೋಜನದಲ್ಲಿ ಜ, ಯುಕ್ತದಲ್ಲಿ ಕ. ಮೂಲದಲ್ಲಿದ್ದದ್ದು ಗ. ಮುಂದೆ ‘ಎ’ಯಂಥ ಸ್ವರ ಬಂದಲ್ಲಿ ಅದು ಜ ಆಯಿತು, ಆ ಎಕಾರವೇ ಸಂಸ್ಕೃತದಲ್ಲಿ ಆಮೇಲೆ ಅಕಾರವಾದ್ದರಿಂದ ಕಾರಣ ಮರೆಯಾಗಿ ಪರಿಣಾಮ ಮಾತ್ರ ಉಳಿದಿದೆ. ಮುಂದೆ ತಕಾರ ಬಂದಲ್ಲಿ ಗ ತನ್ನ ನಾದವನ್ನು ಕಳೆದುಕೊಂಡು ಕ ಆಯಿತು. ಉಗ್ರ ಮತ್ತು ಓಜಸ್ಸು ಎಂಬ ಜೋಡಿಯಲ್ಲೂ ಇದೇ ಗಕಾರ, ಜಕಾರಗಳ ಆಟ ಕಾಣುತ್ತದೆ. ಸ್ವರದ ಏರಿಳಿತ ನಿಮಗೆ ಆಗಲೇ ಗೊತ್ತು: ಯುಗದ ಉಕಾರ ಯೋಗದಲ್ಲಿ ಓಕಾರವಾಗುವುದನ್ನು ಸಂಸ್ಕೃತ ತರಗತಿಯಲ್ಲಿ ಗುಣ ಎಂದು ಕಲಿಸುತ್ತಾರೆ. ಮೂಲ ಭಾಷೆಯ ಕಡೆಯಿಂದ ನೋಡಿದರೆ ಅದು ತಿರುವುಮುರುವು. ಅಲ್ಲಿ ಯೆವ್ಗ್, ಯೊವ್ಗ್ ಎಂಬ ತುಂಬಿದ ರೂಪಗಳೂ ಯುಗ್ ಎಂಬ ಬರಿದಾದ ರೂಪವೂ ಇದ್ದವು. ಯೊವ್ಗ್ ಸಂಸ್ಕೃತದಲ್ಲಿ ಯೋಗ ಆಯಿತು. ಮೋನಿಯರ್ ವಿಲಿಯಮ್ಸ್ ನಿಘಂಟು ಕಲೋನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಈ ರೂಪಗಳನ್ನೆಲ್ಲ ಅಲ್ಲೇ ಹೆಕ್ಕಬಹುದು.

ಅಕ್ಕತಂಗಿಯರ ಹಳೆಯ ರೂಪಗಳನ್ನೇ ತನ್ನಿ

ಮುಂದಿನ ಹಂತ, ಇತರ ಶಾಖೆಗಳಿಂದ ಇದೇ ಪದವನ್ನು ತರುವುದು. ಹೊಸಬರು ಸಾಮಾನ್ಯವಾಗಿ ಇಂದಿನ ಇಂಗ್ಲಿಷ್ ಪದವನ್ನು ಇಂದಿನ ಕನ್ನಡ ಪದದ ಪಕ್ಕಕ್ಕಿಟ್ಟು ಹೋಲಿಸಲು ಹೊರಡುತ್ತಾರೆ. ಹಾಗೆ ಮಾಡಬೇಡಿ. ಪ್ರತಿ ಶಾಖೆಯಲ್ಲೂ ದಾಖಲೆಯಲ್ಲಿ ಸಿಗುವ ಅತಿ ಹಳೆಯ ರೂಪವೇ ಬೇಕು. ನೊಗಕ್ಕೆ ಗ್ರೀಕಿನಲ್ಲಿ ಜ಼ುಗೊನ್, ಲ್ಯಾಟಿನ್ನಿನಲ್ಲಿ ಯುಗುಮ್, ಇಂಗ್ಲಿಷಿನ ಹಳೆಯ ಬಂಧುವಾದ ಗಾಥಿಕ್‌ನಲ್ಲಿ ಯುಕ್, ಹಳೆಯ ಚರ್ಚ್ ಸ್ಲಾವೊನಿಕ್‌ನಲ್ಲಿ ಇಗೊ, ಲಿಥುವೇನಿಯನ್‌ನಲ್ಲಿ ಯುಂಗಸ್. ಹಿಟ್ಟೈಟ್‌ನಲ್ಲಿ ಯುಗನ್. ಟರ್ಕಿಯ ಮಣ್ಣಿನ ಫಲಕಗಳಲ್ಲಿದ್ದ ಆ ಭಾಷೆ ಇಂಡೋ-ಯುರೋಪಿಯನ್ನೇ ಎಂದು ಬೆಡ್ರಿಚ್ ಹ್ರೋಜ್ನಿ 1915ರಲ್ಲಿ ಪ್ರಕಟಿಸುವ ಹೊತ್ತಿಗೆ ಉಳಿದ ಶಾಖೆಗಳ ಹೋಲಿಕೆಯಿಂದ ಈ ಪದದ ಮೂಲರೂಪವನ್ನು ವಿದ್ವಾಂಸರು ಕಟ್ಟಿಯಾಗಿತ್ತು. ಯಾರೂ ಎದುರು ನೋಡದಿದ್ದ ಫಲಕದಿಂದ ಯುಗನ್ ಎದ್ದು ಬಂದು ಅದಕ್ಕೆ ಸಾಕ್ಷಿ ನುಡಿಯಿತು. ಈ ಶಾಸ್ತ್ರದ ಮೇಲೆ ನನಗೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಇದು ದೊಡ್ಡದು.

ಅರ್ಥವನ್ನೂ ಜೊತೆಯಲ್ಲೇ ಬರೆದುಕೊಳ್ಳಿ. ಇಷ್ಟು ಶಾಖೆಗಳಲ್ಲಿ ಯೋಗಾಭ್ಯಾಸವೂ ಇಲ್ಲ, ಕಲಿಯುಗವೂ ಇಲ್ಲ. ಎಲ್ಲ ಕಡೆ ಇರುವುದು ದನಗಳ ಹೆಗಲ ಮೇಲಿನ ಮರದ ತುಂಡು. ಹಾಗಾಗಿ ಅದೇ ಮೂಲ ಅರ್ಥ ಎಂದು ತಿಳಿಯಬೇಕು, ಮಿಕ್ಕವು ಆಯಾ ಶಾಖೆಯಲ್ಲಿ ಚಿಗುರಿದವು. ರೋಮನ್ನರು ಹೊಲವನ್ನು ಅಳೆಯುತ್ತಿದ್ದ ಯೂಗೆರುಮ್ ಎಂಬ ಅಳತೆಯೂ ಈ ಧಾತುವಿನದೇ. ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ ಎಂದು ರೋಮನ್ ಲೇಖಕ ಪ್ಲಿನಿ ಅದನ್ನು ವಿವರಿಸಿದ್ದಾನೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 25 ಗುಂಟೆ. ಹೊಳಲ್ಕೆರೆಯ ಕಡೆ ಎತ್ತು ಕಟ್ಟಿ ಬೇಸಾಯ ಮಾಡಿದ ಹಿರಿಯರನ್ನು ಕೇಳಿ, ಆ ಲೆಕ್ಕ ಸರಿಯೋ ತಪ್ಪೋ ಎಂದು ಅವರೇ ಹೇಳುತ್ತಾರೆ.

ಸದ್ದಿಗೆ ಸದ್ದು ಇಟ್ಟು ನೋಡುವುದು

ಇಡೀ ಕೆಲಸದ ಜೀವ ಇಲ್ಲಿದೆ, ಆದ್ದರಿಂದ ಇಲ್ಲಿ ಅವಸರ ಬೇಡ. ಪದಗಳನ್ನು ಸಾಲಾಗಿ ಬರೆದು, ಮೊದಲ ಸದ್ದಿನಿಂದ ಕೊನೆಯ ಸದ್ದಿನವರೆಗೆ ಒಂದೊಂದನ್ನೇ ಬೆರಳಿಟ್ಟು ನೋಡಿ. ಪ್ರತಿ ವ್ಯತ್ಯಾಸಕ್ಕೂ ಒಂದು ನಿಯಮ ಬೇಕು. ಆ ನಿಯಮಕ್ಕೆ ಈ ಪದವನ್ನು ಬಿಟ್ಟು ಬೇರೆ ಕನಿಷ್ಠ ಎರಡು ಪದಗಳ ಸಾಕ್ಷಿ ಬೇಕು. ಸಾಕ್ಷಿ ಸಿಗದ ನಿಯಮ ನಿಯಮವೇ ಅಲ್ಲ.

ನಡುವಿನ ಗಕಾರದಿಂದ ಶುರು ಮಾಡೋಣ. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಸ್ಲಾವಿಕ್ ಎಲ್ಲದರಲ್ಲೂ ಗ ಇದೆ. ಗಾಥಿಕ್‌ನಲ್ಲಿ ಮಾತ್ರ ಕ. ಇಂಗ್ಲಿಷಿನ ಯೋಕ್‌ನಲ್ಲೂ ಕ. ಇದು ಜರ್ಮಾನಿಕ್ ಶಾಖೆಯ ಖಾಯಂ ನಡೆ: ಮೂಲದ ಗ ಅಲ್ಲಿ ಕ ಆಗುತ್ತದೆ. ರಾಸ್ಮುಸ್ ರಾಸ್ಕ್ 1818ರಲ್ಲಿ ಗುರುತಿಸಿ, ಯಾಕೊಬ್ ಗ್ರಿಮ್ 1822ರಲ್ಲಿ ವ್ಯವಸ್ಥಿತವಾಗಿ ಮಂಡಿಸಿದ ಈ ನಿಯಮಕ್ಕೆ ಗ್ರಿಮ್ ನಿಯಮವೆಂದೇ ಹೆಸರು. ಸಾಕ್ಷಿಗೆ ಉಗ್ರದ ಬಂಧುವಾದ ಲ್ಯಾಟಿನ್ ಔಗೇರೆ, ಗಾಥಿಕ್ ಔಕನ್ ಇವೆ. ಎರಡಕ್ಕೂ ಹೆಚ್ಚಿಸು ಎಂಬ ಅರ್ಥ.

ಇನ್ನೊಂದು ಸಾಕ್ಷಿ ನಿಮ್ಮ ಪಹಣಿಯಲ್ಲೇ ಇದೆ. ಎಕರೆ ಎಂಬ ಪದ ಇಂಗ್ಲಿಷಿನಿಂದ ಬಂತು. ಅದರ ಬಂಧುಗಳು ಲ್ಯಾಟಿನ್ನಿನ ಆಗೆರ್, ಗ್ರೀಕಿನ ಅಗ್ರೊಸ್, ಎರಡೂ ಹೊಲ ಎಂಬ ಅರ್ಥದವು. ಇಲ್ಲೂ ಗ ಇದ್ದಲ್ಲಿ ಇಂಗ್ಲಿಷಿನಲ್ಲಿ ಕ. ಆದರೆ ಸಂಸ್ಕೃತದ ಬಂಧು ಅಜ್ರ, ಬಯಲು. ಇಲ್ಲಿ ಜ ಬಂದಿದೆ, ಮುಂದೆ ರಕಾರವಿದ್ದರೂ ಜ. ಹಾಗಾದರೆ ಯುಗದಲ್ಲಿ ಗ ಏಕೆ ಉಳಿಯಿತು? ಮೂಲ ಭಾಷೆಯಲ್ಲಿ ಒಂದಕ್ಕಿಂತ ಹೆಚ್ಚು ಗಕಾರಗಳಿದ್ದವು. ತಾಲುವಿನ ಕಡೆಗೆ ಸರಿದ ಗಕಾರ ಸಂಸ್ಕೃತದಲ್ಲಿ ಮುಂದೆ ಯಾವ ಸ್ವರವಿರಲಿ, ರಕಾರವಿರಲಿ ಜ ಆಯಿತು, ಸಾದಾ ಗಕಾರ ಮೇಲೆ ಹೇಳಿದ ಎಕಾರ, ತಕಾರಗಳ ಕಡೆ ಬಿಟ್ಟರೆ ಗ ಆಗಿಯೇ ಉಳಿಯಿತು. ಯುಗದ್ದು ಸಾದಾ ಗಕಾರ. ಸ್ಲಾವೊನಿಕ್‌ನ ಇಗೊ ಇದನ್ನು ಬೇರೆ ಕಡೆಯಿಂದ ಖಚಿತಪಡಿಸುತ್ತದೆ: ತಾಲವ್ಯ ಗಕಾರವಾಗಿದ್ದರೆ ಅಲ್ಲಿ ಜ಼ ಬರಬೇಕಿತ್ತು. ಎರಡು ದೂರದ ಶಾಖೆಗಳು ಒಂದೇ ಮಾತು ಹೇಳಿದಾಗ ಧೈರ್ಯವಾಗಿ ಮುಂದುವರಿಯಬಹುದು.

ಮೊದಲ ಸದ್ದು ಯ. ಗ್ರೀಕಿನಲ್ಲಿ ಮಾತ್ರ ಜ಼. ಸಾಕ್ಷಿಗೆ ಸಂಸ್ಕೃತದ ಯವ ಎಂಬ ಧಾನ್ಯವನ್ನೂ ಗ್ರೀಕಿನ ಜ಼ೆಇಅಯ್ ಎಂಬ ಗೋಧಿಯ ಜಾತಿಯನ್ನೂ ಪಕ್ಕಪಕ್ಕ ಇಡಿ. ಯೂಷ ಎಂಬ ಸಾರಿಗೆ ಗ್ರೀಕಿನಲ್ಲಿ ಜ಼ೂಮೆ ಎಂಬ ಹುದುಗು ಜೊತೆಯಾಗುತ್ತದೆ. ಇಲ್ಲಿಗೆ ನೆಮ್ಮದಿಯಾಯಿತು ಎನ್ನುವಷ್ಟರಲ್ಲಿ ಯಕೃತ್ ಎದುರಾಗುತ್ತದೆ. ಅದರ ಗ್ರೀಕ್ ಬಂಧು ಹೇಪರ್, ಲ್ಯಾಟಿನ್ ಬಂಧು ಯೆಕುರ್. ಇಲ್ಲಿ ಯ ಹ ಆಗಿದೆ! ಗ್ರೀಕಿನಲ್ಲಿ ಯಕಾರಕ್ಕೆ ಎರಡು ಫಲಿತಾಂಶ ಏಕೆ ಎಂಬ ಪ್ರಶ್ನೆಗೆ ಕೆಲವು ವಿದ್ವಾಂಸರು ಯಕಾರದ ಹಿಂದೆ ಅಳಿದುಹೋದ ಒಂದು ಕಂಠ್ಯ ಸದ್ದಿತ್ತು ಎಂದು ಉತ್ತರಿಸುತ್ತಾರೆ, ಇನ್ನು ಕೆಲವರು ಒಪ್ಪುವುದಿಲ್ಲ. ಹೀಗೆ ತೆರೆದಿರುವ ಪ್ರಶ್ನೆಯನ್ನು ನೋಟ್‌ಪುಸ್ತಕದಲ್ಲಿ ತೆರೆದೇ ಇಡಿ. ಒತ್ತಾಯದಿಂದ ಮುಚ್ಚಿದರೆ ಮುಂದಿನ ಪದದಲ್ಲಿ ಅದು ಕಾಡುತ್ತದೆ.

ಕೊನೆಯ ಸದ್ದು ಸುಲಭ. ಸಂಸ್ಕೃತದ ಅಮ್, ಗ್ರೀಕಿನ ಒನ್, ಲ್ಯಾಟಿನ್ನಿನ ಉಮ್, ಹಿಟ್ಟೈಟ್‌ನ ಅನ್, ಇವೆಲ್ಲ ನಪುಂಸಕಲಿಂಗದ ಒಂದೇ ಪ್ರತ್ಯಯದ ರೂಪಗಳು.

ಈಗ ಎಲ್ಲವನ್ನೂ ಕೂಡಿಸಿ *ಯುಗೊಮ್ ಎಂದು ಬರೆಯಬಹುದು. ಪದದ ಮೊದಲಲ್ಲಿರುವ ನಕ್ಷತ್ರ ಚಿಹ್ನೆಯನ್ನು ಎಂದಿಗೂ ಬಿಡಬೇಡಿ. ಈ ರೂಪ ಯಾವ ಶಾಸನದಲ್ಲೂ ಇಲ್ಲ, ಹೋಲಿಕೆಯಿಂದ ಕಟ್ಟಿದ್ದು ಎಂಬುದಕ್ಕೆ ಅದೇ ಗುರುತು. ಇದಾದ ಮೇಲೆಯೇ ಪೊಕೊರ್ನಿಯ 1959ರ ಇಂಡೋ-ಯುರೋಪಿಯನ್ ಧಾತುಗಳ ನಿಘಂಟನ್ನಾಗಲಿ ವಿಕ್ಷನರಿಯ ಪುಟವನ್ನಾಗಲಿ ತೆರೆದು ನಿಮ್ಮ ಫಲಿತಾಂಶವನ್ನು ತಾಳೆ ನೋಡಿ. ಮೊದಲೇ ನೋಡಿದರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಮತ್ತೆ ದುರ್ಗಕ್ಕೆ ಇಳಿಯುವುದು

ಮೂಲಕ್ಕೆ ಹತ್ತಿದ ಮೇಲೆ ಇಳಿಯಬೇಕು. ಇಳಿಯುವಾಗಲೂ ಪ್ರತಿ ಮೆಟ್ಟಿಲನ್ನು ಹೆಸರಿಸಬೇಕು.

ಜಂಕ್ಷನ್ ಪದವನ್ನು ತೆಗೆದುಕೊಳ್ಳಿ. ಬೆಂಗಳೂರು–ಹುಬ್ಬಳ್ಳಿ ಹಳಿಗೆ ಚಿತ್ರದುರ್ಗದ ಕಡೆಯ ಹಳಿ ಕೂಡಿಕೊಳ್ಳುವುದು ಚಿಕ್ಕಜಾಜೂರಿನಲ್ಲಿ, ಹೆಸರಿಗೆ ತಕ್ಕ ಅರ್ಥ. ಲ್ಯಾಟಿನ್ನಿನಲ್ಲಿ ಯುಂಗೊ ಎಂದರೆ ಕೂಡಿಸುತ್ತೇನೆ. ನಡುವೆ ಬಂದಿರುವ ಅನುನಾಸಿಕ ಸಂಸ್ಕೃತದ ಯುನಕ್ತಿಯಲ್ಲಿರುವ ನಕಾರವೇ. ವರ್ತಮಾನ ಕ್ರಿಯಾಪದ ಕಟ್ಟಲು ಮೂಲ ಭಾಷೆ ಧಾತುವಿನ ಒಳಗೇ ಅದನ್ನು ತೂರಿಸುತ್ತಿತ್ತು. ಕೂಡಿದ್ದು ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಯುಂಕ್ತುಸ್. ತಕಾರದ ಮುಂದೆ ಗ ಇಲ್ಲೂ ಕ ಆಗಿದೆ, ನಮ್ಮ ಯುಕ್ತದ ಹಾಗೆಯೇ. ರೈಲ್ವೆ ಫಲಕದ ಜಂಕ್ಷನ್ ಎಂಬುದರಲ್ಲಿರುವ ಆ ಕಕಾರ, ಲೋಕಾಯುಕ್ತ ಎಂಬುದರಲ್ಲಿರುವ ಕಕಾರ, ಎರಡಕ್ಕೂ ಒಂದೇ ಕಾರಣ.

ಆದರೆ ಜಂಕ್ಷನ್ನಿನ ಜಕಾರಕ್ಕೂ ಜೋಗಿಯ ಜಕಾರಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ ಯಕಾರ ಫ್ರೆಂಚ್ ದಾರಿಯಲ್ಲಿ ಬದಲಾಗಿ ಇಂಗ್ಲಿಷಿನಲ್ಲಿ ಜ ಆದದ್ದು ಒಂದು ಕಥೆ. ಪ್ರಾಕೃತದಲ್ಲಿ ಪದದ ಮೊದಲ ಯಕಾರ ಜ ಆದದ್ದು ಪೂರ್ತಿ ಬೇರೆಯ ಕಥೆ. ಯೋಗಿ ಜೋಗಿಯಾದಂತೆ ಯಮ ಜವನಾದ, ಯೌವನ ಜವ್ವನವಾಯಿತು, ಯಾತ್ರೆ ಜಾತ್ರೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ಇಂಥವನ್ನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸೂತ್ರಗಳಿಗೆ ಕಟ್ಟಿದ್ದಾನೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎಂಬ ಹೆಸರಿನಲ್ಲೇ ಎರಡು ಪ್ರಾಕೃತ ನಿಯಮಗಳಿವೆ: ದುರ್ಗೆಯ ರಕಾರ ಮುಂದಿನ ಗಕಾರದಲ್ಲಿ ಕರಗಿ ದುಗ್ಗ ಆಗಿದೆ, ಯ ಜ ಆಗಿದೆ.

ಈ ಜಿಲ್ಲೆಗಳಲ್ಲಿ ಕೆಲಸ ಮಾಡುವವರಿಗೆ ಒಂದು ಭಾಗ್ಯವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು, ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಪ್ರಾಕೃತ ಹೇಗಿತ್ತು ಎಂದು ಪುಸ್ತಕದಲ್ಲಷ್ಟೇ ಅಲ್ಲ, ಬಂಡೆಯ ಮೇಲೆ ನೋಡಬಹುದು. ಸುವರ್ಣಗಿರಿ ಅಲ್ಲಿ ಸುವಂಣಗಿರಿ. ಆರ್ಯಪುತ್ರ ಅಲ್ಲಿ ಅಯಪುತ. ತ್ರ ಇದ್ದಲ್ಲಿ ಬರೀ ತ. ಆದರೆ ಯಥಾರಹಂ ಎಂಬಲ್ಲಿ ಮೊದಲ ಯಕಾರ ಇನ್ನೂ ಹಾಗೇ ಇದೆ. ಅಂದರೆ ರಕಾರ ಕರಗುವ ನಿಯಮ ಆಗಲೇ ನಡೆದಿತ್ತು, ಯ ಜ ಆಗುವ ನಿಯಮ ಆಮೇಲಿನದು. ಜೋಗಿ, ಜಾತ್ರೆಗಳಂಥ ರೂಪಗಳು ಆ ಮುಂದಿನ ಹಂತದ ಪ್ರಾಕೃತದ ಗುರುತನ್ನು ಹೊತ್ತಿವೆ. ಒಂದು ಪದ ಯಾವ ಹಂತದಲ್ಲಿ ಬಂತು ಎಂದು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ವಿಜ್ಞಾನದ ಪಠ್ಯದಲ್ಲಿ ಇನ್ನೊಂದು ಸೊಗಸಿದೆ. ಜೈಗೋಟ್ ಎಂಬುದು ಗ್ರೀಕಿನ ಜ಼ುಗೊನ್ ಕುಟುಂಬದ್ದು. ಅದಕ್ಕೆ ಕನ್ನಡದಲ್ಲಿ ಬಳಸುವ ಯುಗ್ಮಜ ಎಂಬ ಪದವೂ ಯುಜ್ ಧಾತುವಿನದೇ. ಸಾವಿರಾರು ವರ್ಷಗಳ ಹಿಂದೆ ಬೇರ್ಪಟ್ಟ ಎರಡು ಕವಲುಗಳು ಒಂದೇ ಪಾಠದಲ್ಲಿ ಭೇಟಿಯಾಗಿವೆ.

ಹೊರಗಿಡಬೇಕಾದವು, ಮತ್ತು ನೊಗ

ಯುದ್ಧ, ಯುವ ಎಂಬ ಪದಗಳು ಯುಗದ ಹಾಗೆ ಕೇಳಿಸುತ್ತವೆ ಎಂದು ಎಳೆದು ತರಬೇಡಿ. ಯುದ್ಧದ ಧಾತು ಧಕಾರದಿಂದ ಮುಗಿಯುತ್ತದೆ. ಯುವದ ಬಂಧುಗಳು ಲ್ಯಾಟಿನ್ನಿನ ಯುವೆನಿಸ್, ಇಂಗ್ಲಿಷಿನ ಯಂಗ್. ಇಬ್ಬರೂ ನೆರೆಮನೆಯವರು, ನಂಟರಲ್ಲ.

ನೊಗದ ವಿಷಯ ಇಷ್ಟು ಬೇಗ ಮುಗಿಯುವಂಥದ್ದಲ್ಲ. ಅರ್ಥ ಪೂರ್ತಿ ಒಂದೇ. ನಡುವೆ ಗ ಇದೆ. ಮೊದಲ ಸದ್ದು ಮಾತ್ರ ನ. ನಿಯಮ ಏನು ಹೇಳುತ್ತದೆ ನೋಡಿ. ಯಕಾರದಿಂದ ಶುರುವಾಗುವ ಸಂಸ್ಕೃತ ಪದ ಕನ್ನಡಕ್ಕೆ ತದ್ಭವವಾಗಿ ಬಂದಾಗ ಜ ಆಗುತ್ತದೆ, ಇಲ್ಲವೇ ಆಡುಮಾತಿನ ಉಗಾದಿಯಲ್ಲಿ ಆದಂತೆ ಯ ಬಿದ್ದುಹೋಗುತ್ತದೆ. ಯ ನ ಆಗುವುದಕ್ಕೆ ಜವ, ಜವ್ವನ, ಜಾತ್ರೆಗಳ ಸಾಲಿನಲ್ಲಿ ಸಾಕ್ಷಿ ಇಲ್ಲ. ಇದರ ಮೇಲೆ, ತಮಿಳಿನಲ್ಲಿ ನುಗಮ್, ತುಳುವಿನಲ್ಲಿ ನುಗ ಇವೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಇವನ್ನೆಲ್ಲ ಒಂದೇ ನಮೂದಿನಲ್ಲಿ ಕೊಟ್ಟಿದೆ. ಆದ್ದರಿಂದ ನೊಗವನ್ನು ಯುಗದ ತದ್ಭವ ಎಂದು ಬರೆಯಬಾರದು. ಬಹಳ ಹಿಂದೆ, ದಕ್ಷಿಣದ ಈ ಭಾಷೆಗಳು ಬೇರೆಯಾಗುವ ಮೊದಲೇ, ಅದು ಆರ್ಯಭಾಷೆಯಿಂದ ಬಂದಿರಬಹುದು ಎಂಬ ವಾದವಿದೆ. ದ್ರಾವಿಡದ್ದೇ ಸ್ವಂತ ಪದ ಎಂಬ ವಾದವೂ ಇದೆ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಮೊದಲನೆಯದಕ್ಕೆ ಬೇಕಾದ ನಿಯಮಕ್ಕೆ ಕನ್ನಡದ ಈ ತದ್ಭವಗಳಲ್ಲಿ ಸಾಕ್ಷಿ ಕಾಣುವುದಿಲ್ಲ. ನೋಟ್‌ಪುಸ್ತಕದಲ್ಲಿ ನೊಗಕ್ಕೆ ಪ್ರತ್ಯೇಕ ಪುಟ ಕೊಡಿ, ಯುಗದ ಪುಟದಲ್ಲಿ ಬಾಣದ ಗುರುತು ಹಾಕಬೇಡಿ.

ಇನ್ನು ನಿಮ್ಮ ಸರದಿ. ನೊಗಕ್ಕೆ ಎತ್ತಿನ ಕೊರಳನ್ನು ಸೇರಿಸಿ ಕಟ್ಟುವ ಪಟ್ಟಿಗೆ ಜತ್ತಿಗೆ, ಜೊತ್ತಿಗೆ ಎಂಬ ಹೆಸರುಗಳಿವೆ. ನಿಮ್ಮ ಊರಿನಲ್ಲಿ ಯಾವುದನ್ನು ಬಳಸುತ್ತಾರೆ ಎಂದು ಮೊದಲು ಕೇಳಿ ಬರೆದುಕೊಳ್ಳಿ. ಸಂಸ್ಕೃತದಲ್ಲಿ ಆ ಪಟ್ಟಿಗೆ ಯೋಕ್ತ್ರ ಎನ್ನುತ್ತಾರೆ, ಯುಜ್ ಧಾತುವಿನಿಂದಲೇ ಆದದ್ದು. ಪ್ರಾಕೃತದಲ್ಲಿ ಅದು ಜೊತ್ತ, ಹಿಂದಿಯಲ್ಲಿ ಜೋತ್. ಮೊದಲ ಯ ಜ ಆಗುವುದನ್ನು ಜಾತ್ರೆಯಲ್ಲಿ ಕಂಡಿದ್ದೀರಿ, ತ್ರ ತಕಾರವಾಗುವುದನ್ನು ಬ್ರಹ್ಮಗಿರಿಯ ಅಯಪುತದಲ್ಲಿ ಕಂಡಿದ್ದೀರಿ. ಕಕಾರ ತಕಾರದಲ್ಲಿ ಕರಗುವುದಕ್ಕೆ ಎರಡು ಸಾಕ್ಷಿ ಹುಡುಕಿ. ಭಕ್ತ, ಮುಕ್ತಾ ಎಂಬ ಪದಗಳ ತದ್ಭವಗಳಿಂದ ಶುರು ಮಾಡಬಹುದು. ಕೊನೆಯ ‘ಇಗೆ’ ಎಲ್ಲಿಂದ ಬಂತು, ಜೊ ಎಂಬುದು ಜ ಆದದ್ದು ಹೇಗೆ ಎಂಬುದಕ್ಕೂ ಉತ್ತರ ಬೇಕು. ಟರ್ನರ್ ಅವರ ಆರ್ಯಭಾಷೆಗಳ ತೌಲನಿಕ ನಿಘಂಟು ಮತ್ತು ದ್ರಾವಿಡ ವ್ಯುತ್ಪತ್ತಿ ನಿಘಂಟು, ಎರಡೂ ಶಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ತೆರೆದುಕೊಳ್ಳುತ್ತವೆ. ಮೊದಲನೆಯದರಲ್ಲಿ ಯೋಕ್ತ್ರದ ನಮೂದನ್ನೂ ಕಿಟೆಲ್‌ನಲ್ಲಿ ಜಕಾರದ ಪುಟಗಳನ್ನೂ ಒಟ್ಟಿಗೆ ಇಟ್ಟುಕೊಂಡು ಕುಳಿತುಕೊಳ್ಳಿ.